ಉಪಪ್ರಶ್ನೆಗೆ ಕಾಯುತ್ತಾ: 2024ರ ಮುಂಗಾರು ಅಧಿವೇಶನಕ್ಕೆ ನಾನು ತಯಾರಾದ ಬಗೆ

"ಬರ ಪರಿಹಾರದ ಹಣ ಅರ್ಹ ರೈತರಿಗೆ ತಲುಪದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ, ಕಾರಣಗಳೇನು, ತಾಲ್ಲೂಕುವಾರು ಪೂರ್ಣ ವಿವರ ನೀಡುವುದು."

ಜೂನ್ ಕೊನೆಯಲ್ಲಿ ನನ್ನ ಮೇಜಿಗೆ ಬಂದ ಮೊದಲ ಪ್ರಶ್ನೆಯ ಒಕ್ಕಣೆ ಹೆಚ್ಚು ಕಡಿಮೆ ಹೀಗಿತ್ತು. ಓದಿದ ತಕ್ಷಣ ಪಕ್ಕದ ಸೀಟಿನ ಮೇಡಂಗೆ ಹೇಳಿದೆ, "ಈ ಸಲ ಮನೆಗೆ ಊಟದ ಹೊತ್ತಿಗೆ ಹೋಗೋ ಯೋಚನೆ ಬಿಡಿ." ಅವರು ತಲೆ ಎತ್ತಲಿಲ್ಲ. ಅವರ ಮುಂದೆ ಆಗಲೇ ಅಂಥವು ನಾಲ್ಕು ಇದ್ದವು.

ನಾನು ಬೆಂಗಳೂರಿನ ಎಂ.ಎಸ್. ಬಿಲ್ಡಿಂಗಿನಲ್ಲಿ, ಅಂದರೆ ಸರ್ಕಾರಿ ಇಲಾಖೆಗಳಿರುವ ಬಹುಮಹಡಿ ಕಟ್ಟಡದಲ್ಲಿ, ಕೆಲಸ ಮಾಡುವವನು. ಯಾವ ಶಾಖೆ ಅಂತ ಹೇಳುವುದಿಲ್ಲ. ಬರ, ಪರಿಹಾರ ಅನ್ನುವ ಪದಗಳಿರುವ ಕಡತಗಳು ಓಡಾಡುವ ಜಾಗ ಅಂದುಕೊಳ್ಳಿ, ಸಾಕು. ಅಧಿವೇಶನ ಬಂತೆಂದರೆ ನಮ್ಮ ಭಾಷೆಯೇ ಬದಲಾಗುತ್ತದೆ. ವಿಧಾನಸಭೆಯ ಪ್ರಶ್ನೆ ಎಲ್‌ಎಕ್ಯೂ, ಪರಿಷತ್ತಿನದು ಎಲ್‌ಸಿಕ್ಯೂ. "ನಿಮ್ದು ಸ್ಟಾರ್ಡಾ?" ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ. ಚುಕ್ಕೆ ಗುರುತು ಇದ್ದರೆ ಸಚಿವರು ಸದನದಲ್ಲಿ ಎದ್ದು ಉತ್ತರಿಸಬೇಕು. ಇಲ್ಲದಿದ್ದರೆ ಲಿಖಿತ ಉತ್ತರ ಕೊಟ್ಟರೆ ಮುಗಿಯಿತು. ಒಂದು ಚುಕ್ಕೆಗೆ ಎಷ್ಟು ಜನರ ನಿದ್ದೆ ಕೆಡಿಸುವ ಶಕ್ತಿ ಇದೆ ಅಂತ ಆ ಚುಕ್ಕೆಗೇ ಗೊತ್ತಿರಲಿಕ್ಕಿಲ್ಲ.

ಈ ಅಧಿವೇಶನ ಬಿಸಿ ಇರುತ್ತದೆ ಅಂತ ಊಹಿಸಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಫೆಬ್ರವರಿಯಲ್ಲಿ ಬಜೆಟ್ ಅಧಿವೇಶನ ಮುಗಿದಿತ್ತು. ಮತ್ತೆ ಸದನ ಸೇರುವುದು ಜುಲೈ 15ಕ್ಕೆ. ನಡುವೆ ಇಡೀ ಬೇಸಿಗೆ ಕಳೆದಿತ್ತು. ಅದೂ ಎಂಥ ಬೇಸಿಗೆ! 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾಗಿದ್ದವು. ಬೆಂಗಳೂರಿನಲ್ಲೇ ಟ್ಯಾಂಕರ್ ನೀರಿಗೆ ಜನ ಕ್ಯೂ ನಿಂತಿದ್ದರು. ಏಪ್ರಿಲ್ 26 ಮತ್ತು ಮೇ 7ರಂದು ಲೋಕಸಭೆ ಚುನಾವಣೆಯ ಮತದಾನ ನಡೆದಿತ್ತು. ಅಷ್ಟೂ ದಿನ ಶಾಸಕರು ಹಳ್ಳಿ ಹಳ್ಳಿ ಸುತ್ತಿ, ಪ್ರತಿ ಕಟ್ಟೆಯ ಮೇಲೂ ಬೈಸಿಕೊಂಡು ಬಂದಿದ್ದರು. ಕೇಳಿಸಿಕೊಂಡ ಬೈಗುಳವನ್ನೆಲ್ಲ ಇಳಿಸಲು ಅವರಿಗೊಂದು ಜಾಗ ಬೇಕಿತ್ತು. ಆ ಜಾಗ ಪ್ರಶ್ನೋತ್ತರ ಕಲಾಪ.

ಲಿಖಿತ ಉತ್ತರ ಬರೆಯುವುದು ಅಂಥ ಕಷ್ಟದ ಕೆಲಸವಲ್ಲ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಅ, ಆ, ಇ ಅಂತ ಸಾಲುಗಳು. "ಬಂದಿದೆ", "ಇಲ್ಲ", "ಉದ್ಭವಿಸುವುದಿಲ್ಲ", "ವಿವರಗಳನ್ನು ಅನುಬಂಧ-1ರಲ್ಲಿ ಒದಗಿಸಲಾಗಿದೆ". ಈ ನಾಲ್ಕು ಮಾತು ಗೊತ್ತಿದ್ದರೆ ಅರ್ಧ ಸರ್ವಿಸ್ ಕಳೆಯಬಹುದು. ಇವುಗಳಲ್ಲಿ "ಉದ್ಭವಿಸುವುದಿಲ್ಲ" ಅನ್ನುವ ಪದದ ಮೇಲೆ ನನಗೆ ಒಂಥರಾ ಸಿಟ್ಟು. "ಅ"ಗೆ "ಇಲ್ಲ" ಅಂದುಬಿಟ್ಟರೆ "ಆ", "ಇ", "ಈ" ಎಲ್ಲಕ್ಕೂ "ಉದ್ಭವಿಸುವುದಿಲ್ಲ" ಅಂತ ಎಳೆದುಬಿಡಬಹುದು. ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಅಂಥ ಉತ್ತರ ಓದಿದ ಶಾಸಕರ ರಕ್ತದೊತ್ತಡ ಏರಿರುತ್ತದೆ. ಅದರ ಪೆಟ್ಟು ಸದನದಲ್ಲಿ ಸಚಿವರಿಗೆ ಬೀಳುತ್ತದೆ.

ಪೆಟ್ಟು ಬೀಳುವುದು ಉಪಪ್ರಶ್ನೆಯಲ್ಲಿ. ನಮ್ಮಲ್ಲಿ ಎಲ್ಲರೂ ಅದನ್ನು ಸಪ್ಲಿಮೆಂಟರಿ ಎನ್ನುತ್ತಾರೆ. ಅಚ್ಚಾದ ಪ್ರಶ್ನೆ ವಾರಗಳ ಮೊದಲೇ ನಮ್ಮ ಕೈಲಿರುತ್ತದೆ, ಅದರಲ್ಲಿ ಗುಟ್ಟೇನೂ ಇಲ್ಲ. ಸಚಿವರು "ಉತ್ತರ ಒದಗಿಸಲಾಗಿದೆ ಸಭಾಧ್ಯಕ್ಷರೇ" ಅಂತ ಕೂತ ಮೇಲೆ ಆಟ ಶುರು. ಪ್ರಶ್ನೆ ಕೇಳಿದವರು ಎದ್ದು ನಿಂತು ಇನ್ನೇನು ಕೇಳುತ್ತಾರೆ? ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ನಾವೇ ಊಹಿಸಿ, ಸಚಿವರಿಗೆ ಮೊದಲೇ ಟಿಪ್ಪಣಿ ಮಾಡಿ ಕೊಡಬೇಕು.

ಮೊದಮೊದಲು ನಾನು ಈ ಟಿಪ್ಪಣಿಯನ್ನು ತಪ್ಪಾಗಿಯೇ ಬರೆಯುತ್ತಿದ್ದೆ. ಇಲಾಖೆ ಏನೇನು ಒಳ್ಳೆಯದು ಮಾಡಿದೆ ಅಂತ ಎಂಟು ಪುಟ ತುಂಬಿಸುತ್ತಿದ್ದೆ. ಒಂದು ಸಲ ಒಬ್ಬ ಹಿರಿಯ ಅಧೀನ ಕಾರ್ಯದರ್ಶಿ ಅದನ್ನು ತಿರುವಿಹಾಕಿ, "ಇದು ಸಾಧನೆ ಪುಸ್ತಕ ಆಯ್ತಲ್ರೀ. ಬೈಯೋಕೆ ಬಂದೋನ ಹತ್ರ ಇದನ್ನ ಓದೋಕಾಗುತ್ತಾ?" ಅಂದರು. ಮುಖಕ್ಕೆ ಹೊಡೆದಂತಾಯಿತು. ಅವತ್ತಿನಿಂದ ಬೇರೆ ದಾರಿ ಹಿಡಿದೆ. ಪ್ರಶ್ನೆ ಕೇಳಿದವರ ಕ್ಷೇತ್ರ ಯಾವುದು ನೋಡುತ್ತೇನೆ. ಆ ಜಿಲ್ಲೆಯ ಪುಟಗಳನ್ನು, ಹಿಂದಿನ ಮೂರು ತಿಂಗಳ ಪತ್ರಿಕೆಗಳಲ್ಲಿ, ಕೂತು ಓದುತ್ತೇನೆ. ಆಮೇಲೆ ನಾನೇ ಆ ಶಾಸಕ ಅಂದುಕೊಂಡು, ನನ್ನ ಇಲಾಖೆಯನ್ನೇ ಬೈದು ಐದು ಪ್ರಶ್ನೆ ಬರೆಯುತ್ತೇನೆ. ಉತ್ತರ ಬರೆಯುವುದು ಆಮೇಲಿನ ಮಾತು. ನನಗೇ ಉತ್ತರ ಹೇಳಲಾಗದ ಪ್ರಶ್ನೆ ಯಾವುದೋ ಅದನ್ನು ಮೊದಲ ಸಾಲಿನಲ್ಲಿ ಇಡುತ್ತೇನೆ. ಸಚಿವರು ಅದೊಂದನ್ನು ಓದಿಕೊಂಡು ಹೋದರೂ ಸಾಕು.

ಆ ಬೇಸಿಗೆಯ ಪರಿಹಾರದ ಲೆಕ್ಕಕ್ಕೇ ಬರೋಣ. ರಾಜ್ಯ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನವರೆಗೂ ಹೋದ ಮೇಲೆ ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾಗಿದ್ದು 3,454 ಕೋಟಿ. ಸದನದಲ್ಲಿ ಒಂದು ಕಡೆಯವರು ಮೊದಲ ಅಂಕಿ ಹಿಡಿಯುತ್ತಾರೆ, ಇನ್ನೊಂದು ಕಡೆಯವರು ಎರಡನೆಯದು. ಆ ಜಗಳ ರಾಜಕೀಯದ್ದು, ಅದಕ್ಕೆ ನಮ್ಮ ಟಿಪ್ಪಣಿ ಯಾರಿಗೂ ಬೇಕಿಲ್ಲ. ನನಗೆ ಭಯವಿದ್ದದ್ದು ಚಿಕ್ಕ ಅಂಕಿಗಳ ಬಗ್ಗೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೋಟದ ಬೆಳೆಗೆ 22,500 ರೂಪಾಯಿ. ಅದೂ ಒಬ್ಬರಿಗೆ ಗರಿಷ್ಠ ಎರಡು ಹೆಕ್ಟೇರ್. ಜನವರಿಯಲ್ಲಿ ರಾಜ್ಯವೇ ಮೊದಲ ಕಂತಾಗಿ 2,000 ರೂಪಾಯಿವರೆಗೆ ಹಾಕಿತ್ತು. ಮೇನಲ್ಲಿ ಬಂದದ್ದು ಉಳಿದ ಮೊತ್ತ. ಹಳ್ಳಿಯಲ್ಲಿ ಇದು ಹೇಗೆ ಕೇಳಿಸುತ್ತದೆ ಹೇಳಿ? "ಪಕ್ಕದ ಹೊಲದವನಿಗೆ ಅಷ್ಟು ಬಂತು, ನಂಗೆ ಇಷ್ಟೇ." ಇನ್ನು ಕೆಲವರಿಗೆ ಬಂದೇ ಇಲ್ಲ. ಯಾಕೆ? ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಆಗಿಲ್ಲ. ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿಲ್ಲ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಜಮೀನು ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ. ಇದೆಲ್ಲ ದಾಟಿ ದುಡ್ಡು ಬಿದ್ದರೆ, ಬ್ಯಾಂಕಿನವರು ಸಾಲಕ್ಕೆ ಮುರಿದುಕೊಂಡರು ಅನ್ನುವ ದೂರು.

ನನ್ನ ಮೊದಲ ಸಾಲಿನ ಪ್ರಶ್ನೆ ಇದೇ: "ನನ್ನ ತಾಲ್ಲೂಕಿನಲ್ಲಿ ಎಷ್ಟು ಜನರಿಗೆ ಬಂದಿಲ್ಲ? ಅದರಲ್ಲಿ ಯಾವ ಕಾರಣಕ್ಕೆ ಎಷ್ಟೆಷ್ಟು?" ಎರಡನೇ ಭಾಗಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಸರಿ, ತರಿಸೋಣ ಅಂತ ಹೊರಟೆವು. ವಾಟ್ಸ್ಯಾಪ್ ಗುಂಪಿನಲ್ಲಿ ನಮೂನೆ ಹಾಕಿದೆವು. "ತುರ್ತು", "ಅತಿ ತುರ್ತು", "ಈ ದಿನವೇ" ಅಂತ ಮೂರು ಸಲ. ಈ ಪದಗಳಿಗೆ ಜಿಲ್ಲೆಗಳಲ್ಲಿ ಯಾರೂ ಬೆಚ್ಚುವುದಿಲ್ಲ ಅಂತ ನಮಗೂ ಗೊತ್ತು. ಚುನಾವಣೆ ಕೆಲಸದಲ್ಲಿ ಮೂರು ತಿಂಗಳು ಸುಸ್ತಾದ ಜನ ಅವರು. ಕೊನೆಗೆ ಕೆಲಸ ಆಗಿದ್ದು ಫೋನಿನಲ್ಲಿ. "ಅಣ್ಣಾ, ನಿಮ್ಮ ಶಾಸಕರೇ ಕೇಳಿದ್ದಾರೆ, ನೋಡಿ ಮಾರಾಯ್ರೆ" ಅಂದರೆ ರಾತ್ರಿ ಹತ್ತಕ್ಕಾದರೂ ಎಕ್ಸೆಲ್ ಹಾಳೆ ಬರುತ್ತಿತ್ತು.

ಹಾಗೆ ಬಂದ ಹಾಳೆಗಳಲ್ಲಿ ಒಂದು ನಮ್ಮನ್ನು ಮುಳುಗಿಸುವುದರಲ್ಲಿತ್ತು. ಒಂದು ತಾಲ್ಲೂಕಿನಲ್ಲಿ ಪರಿಹಾರ ಪಡೆದ ರೈತರ ಸಂಖ್ಯೆ, ನೋಂದಾಯಿತ ರೈತರಿಗಿಂತ ಜಾಸ್ತಿ! ಕಣ್ಣುಜ್ಜಿಕೊಂಡು ನೋಡಿದೆ. ಆಮೇಲೆ ಹೊಳೆಯಿತು. ಅಲ್ಲಿನವರು ರೈತರನ್ನು ಎಣಿಸಿರಲಿಲ್ಲ, ಪಾವತಿಗಳನ್ನು ಎಣಿಸಿದ್ದರು. ಎರಡು ಕಂತು ಬಂದ ಒಬ್ಬ ರೈತ ಅವರ ಲೆಕ್ಕದಲ್ಲಿ ಇಬ್ಬರಾಗಿದ್ದ. ಅದು ಒಂದು ತಾಲ್ಲೂಕಿನ ತಪ್ಪಾಗಿದ್ದರೆ ತಿದ್ದಿ ಮುಗಿಸಬಹುದಿತ್ತು. ಆದರೆ ಉಳಿದವರು ಏನು ಎಣಿಸಿದ್ದಾರೆ ಅಂತ ಯಾರಿಗೆ ಗೊತ್ತು? ನಾವು ಕಳಿಸಿದ ನಮೂನೆಯಲ್ಲೇ ಬರೀ "ಸಂಖ್ಯೆ" ಅಂತ ಇತ್ತು. ಯಾವುದರ ಸಂಖ್ಯೆ ಅಂತ ಬರೆದಿರಲಿಲ್ಲ. ಆ ನಮೂನೆ ಮಾಡಿದ್ದು ನಾನು. ಆ ರಾತ್ರಿ ಮತ್ತೆ ಎಲ್ಲರಿಗೂ ಫೋನ್. ಬೈಸಿಕೊಂಡೆ, ತಪ್ಪೇನಿಲ್ಲ ಬಿಡಿ.

ಮೂರು ದಿನದ ನಂತರ ಸಿಕ್ಕಿದ ಪಟ್ಟಿ ಚೆನ್ನಾಗಿತ್ತು. ಕಾರಣವಾರು, ತಾಲ್ಲೂಕುವಾರು. ಅದನ್ನು ಉತ್ತರಕ್ಕೆ ಅನುಬಂಧವಾಗಿ ಸೇರಿಸಬೇಕೋ, ಸಚಿವರ ಟಿಪ್ಪಣಿಯಲ್ಲಿ ಮಾತ್ರ ಇಡಬೇಕೋ ಅಂತ ಶಾಖೆಯಲ್ಲಿ ದೊಡ್ಡ ಚರ್ಚೆ. "ಸುಮ್ನೆ ಕೋಲು ಕೊಟ್ಟು ಹೊಡೆಸ್ಕೊಳ್ಳೋದ್ಯಾಕೆ" ಅನ್ನುವವರು ಜಾಸ್ತಿ ಇದ್ದರು. ನಾನು ಸೇರಿಸೋಣ ಅಂದೆ. ತಲುಪದವರ ಸಂಖ್ಯೆ ನಾವೇ ಹೇಳಿಬಿಟ್ಟರೆ, ಎದುರಿನವರು ಅದಕ್ಕಿಂತ ದೊಡ್ಡ ಸಂಖ್ಯೆ ಹೇಳುವುದು ಕಷ್ಟ. ಮುಚ್ಚಿಟ್ಟರೆ ಅವರು ಹೇಳಿದ್ದೇ ಸಂಖ್ಯೆ. ನನ್ನ ವಾದಕ್ಕೋ, ಬೇರೆ ಯಾವ ಕಾರಣಕ್ಕೋ, ಮೇಲಿನವರು ಒಪ್ಪಿದರು.

ಲೋಕಸಭೆಯಲ್ಲಿ ಈ ಕೆಲಸ ಮಾಡುವ ಗೆಳೆಯರ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಅಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಇಲ್ಲದವು. ಯಾವ ಸಚಿವಾಲಯಕ್ಕೆ ಯಾವ ದಿನ ಅಂತ ಮೊದಲೇ ಹಂಚಿರುತ್ತಾರೆ. ಆದರೆ "ನಮ್ಮೂರ ಶಾನುಭೋಗರ ಮಗನ ಖಾತೆಗೆ ದುಡ್ಡು ಬಂದಿಲ್ಲ" ಅನ್ನುವಷ್ಟು ಹತ್ತಿರದ ಉಪಪ್ರಶ್ನೆ ಅಲ್ಲಿ ಅಷ್ಟಾಗಿ ಬರಲಿಕ್ಕಿಲ್ಲ ಅನ್ನಿಸುತ್ತದೆ.

ಜುಲೈ 15, ಸೋಮವಾರ. ಬೆಳಿಗ್ಗೆ ಎಂಟಕ್ಕೆ ಕಡತ ಹಿಡಿದು ವಿಧಾನಸೌಧಕ್ಕೆ ಹೋದೆವು. ಪಾಸು, ಲಿಫ್ಟು, ಅಧಿಕಾರಿಗಳ ಗ್ಯಾಲರಿ. ಅಲ್ಲಿ ಕೂತವರ ಕೈಲೆಲ್ಲ ಬಿಳಿ ಚೀಟಿ, ಪೆನ್ನು. ಸಚಿವರು ತಡವರಿಸಿದರೆ ಚೀಟಿ ಬರೆದು ಕಳಿಸಬೇಕು. ನನ್ನ ಅಂಗೈ ಬೆವರಿ ಮೊದಲ ಚೀಟಿ ಒದ್ದೆಯಾಗಿತ್ತು.

ಬಿಸಿ ಬಂತು, ನಾವು ಊಹಿಸಿದ ದಿಕ್ಕಿನಿಂದ ಅಲ್ಲ. ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣ ಅಕ್ರಮವಾಗಿ ವರ್ಗಾವಣೆಯಾದ ವಿಷಯದಲ್ಲಿ ಜೂನ್‌ನಲ್ಲೇ ಒಬ್ಬ ಸಚಿವರು ರಾಜೀನಾಮೆ ಕೊಟ್ಟಿದ್ದರು. ಸದನ ಅದರ ಮೇಲೆಯೇ ಹತ್ತಿ ಉರಿಯಿತು. ಹಿಂದೆಯೇ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನಗಳ ಗಲಾಟೆ. ಮರುದಿನ, ಜುಲೈ 16ಕ್ಕೆ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ನಾವು ಮೂರು ವಾರ ಬರದ ಕಡತ ಕಟ್ಟಿ ಕೂತಿದ್ದೆವು. ಹೊರಗೆ ಮಳೆ ಹೊಡೆಯುತ್ತಿತ್ತು. "ಸಾರ್, ಗುಡ್ಡ ಕುಸಿತದ ಬಗ್ಗೆ ಒಂದು ಪುಟ ಬೇಕು, ಅರ್ಧ ಗಂಟೆಯಲ್ಲಿ" ಅಂತ ಫೋನ್ ಬಂದಾಗ ಮೇಡಂ ನನ್ನ ಮುಖ ನೋಡಿ ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ.

ಜುಲೈ 24ರ ರಾತ್ರಿ ವಿರೋಧ ಪಕ್ಷದವರು ಸದನದಲ್ಲೇ ಮಲಗಿ ಅಹೋರಾತ್ರಿ ಧರಣಿ ಮಾಡಿದರು. 25ಕ್ಕೆ, ನಿಗದಿಗಿಂತ ಒಂದು ದಿನ ಮೊದಲೇ, ಅಧಿವೇಶನ ಮುಗಿಯಿತು. ನಾನು ಮೊದಲ ಸಾಲಿನಲ್ಲಿಟ್ಟಿದ್ದ ಪ್ರಶ್ನೆಯನ್ನು ಸದನದಲ್ಲಿ ಯಾರೂ ಕೇಳಲೇ ಇಲ್ಲ. ನಮ್ಮ ಉತ್ತರ ಮಂಡನೆಯಾಗಿ ಕಾಗದದಲ್ಲಿ ಉಳಿಯಿತು. ನಿಜ ಹೇಳಬೇಕೆಂದರೆ ಬೇಜಾರಾಯಿತು. ಪರೀಕ್ಷೆಗೆ ಓದಿದ ಪಾಠವೇ ಬರದಿದ್ದರೆ ಆಗುತ್ತದಲ್ವಾ, ಆ ಥರ.

ಆಗಸ್ಟ್ ಎರಡನೇ ವಾರ ಒಂದು ತಾಲ್ಲೂಕು ಕಚೇರಿಯಿಂದ ಶಿರಸ್ತೇದಾರರು ಫೋನ್ ಮಾಡಿದರು. ಅದೇ, ಒಬ್ಬ ರೈತನನ್ನು ಇಬ್ಬರು ಮಾಡಿದ್ದ ತಾಲ್ಲೂಕು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಸಾರ್, ಎಂಎಲ್ಎ ಸಾಹೇಬ್ರು ಬಂದು ಕೂತಿದ್ದಾರೆ. ಕೈಲಿ ನಿಮ್ಮ ಅನುಬಂಧ-2 ಇದೆ. ಆಧಾರ್ ಜೋಡಣೆ ಆಗದವರ ಹೆಸರೆಲ್ಲ ಈಗಲೇ ಬೇಕಂತೆ, ಕೊಡೋವರೆಗೂ ಏಳಲ್ಲ ಅಂತಿದ್ದಾರೆ. ಏನ್ಮಾಡ್ಲಿ?"

"ಕೊಡಿ" ಅಂದೆ.

"ಸಾವಿರದ ಚಿಲ್ಲರೆ ಇದೆ ಸಾರ್."

"ಟೀ ತರಿಸಿ. ಪ್ರಿಂಟ್ ಹಾಕೋಕೆ ಹೊತ್ತಾಗುತ್ತೆ."