ಹೂಳಿಗಿಂತ ಮೊದಲು ತೂಬು: ನಮ್ಮೂರ ಕೆರೆ ದುರಸ್ತಿಯ ಅನುಭವ

ಕುಷ್ಟಗಿ ತಾಲ್ಲೂಕಿನ ನಮ್ಮೂರ ಕೆರೆಯ ದುರಸ್ತಿಯನ್ನು ಬಳಕೆದಾರರ ಸಂಘದ ಕಡೆಯಿಂದ ನಾನು ನೋಡಿಕೊಂಡೆ. ಹಣ ಮಂಜೂರಾದ ಸುದ್ದಿ ಬಂದ ಕೂಡಲೇ ಊರು ಹಿಡಿದ ಪಟ್ಟು ಒಂದೇ: ಹೂಳೆತ್ತಿಸಿ. ಜೆಸಿಬಿ ಇಳಿದರೆ ಕೆಲಸ ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಮಣ್ಣು ಸಿಗುತ್ತದೆ, ಗುತ್ತಿಗೆದಾರನಿಗೂ ಅಳತೆ ಬರೆಸುವುದು ಸಲೀಸು. ನನ್ನ ಹಟ ಬೇರೆ ಇತ್ತು. ಮೊದಲು ತೂಬು (ಹೊಲಕ್ಕೆ ನೀರು ಬಿಡುವ ಬಾಗಿಲು), ನಂತರ ಏರಿ (ಕೆರೆಯ ಮಣ್ಣಿನ ಕಟ್ಟೆ) ಮತ್ತು ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ), ಹಣ ಉಳಿದರೆ ಹೂಳು.

ಆ ಹಟಕ್ಕೆ ಬಲ ಕೊಟ್ಟದ್ದು ತುಂಗಭದ್ರೆ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಈಗ ಹೂಳಿನಿಂದ 105ರ ಆಸುಪಾಸಿಗೆ ಇಳಿದಿದೆ ಎಂಬ ಲೆಕ್ಕ ನಮ್ಮ ಭಾಗದ ರೈತರಿಗೆಲ್ಲ ಬಾಯಿಪಾಠ. ದಶಕಗಳಿಂದ ಸಭೆಗಳಲ್ಲಿ ಅದೇ ಮಾತು. ಆದರೆ 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ ಕೈಕೊಟ್ಟದ್ದು 19ನೇ ಗೇಟಿನ ಸರಪಳಿ. ಗೇಟೇ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ಇಳಿಸುವ ಉಕ್ಕಿನ ತಡೆ) ಇಳಿಸುವಷ್ಟರಲ್ಲಿ ಸುಮಾರು ಒಂದು ವಾರ ಹಿಡಿಯಿತು; ಅಷ್ಟು ದಿನ ಕೂಡಿಟ್ಟ ನೀರು ಹೊಳೆಗೆ ಹೋಯಿತು. ಗ್ರಾಮಸಭೆಯಲ್ಲಿ ನಾನು ಇದನ್ನೇ ಎತ್ತಿಕೊಂಡೆ. ಹೂಳು ನೀರನ್ನು ವರ್ಷವರ್ಷಕ್ಕೆ ತುಸು ತುಸುವಾಗಿ ಕಸಿಯುತ್ತದೆ, ಬಾಗಿಲು ಮುರಿದರೆ ಒಂದೇ ರಾತ್ರಿ ಸಾಕು.

ನಮ್ಮ ತೂಬು ಹಳೆಯ ಕಾಲದ್ದು. ಎರಡು ಕಲ್ಲುಕಂಬ, ನಡುವೆ ತೂತಿನ ಚಪ್ಪಡಿ, ಅದಕ್ಕೊಂದು ಮರದ ಬೆಣೆ. ಬೆಣೆ ಸವೆದು, ನೀರುಗಂಟಿ (ಕೆರೆಯ ನೀರು ಬಿಡುವವ) ಗೋಣಿಚೀಲ ಸುತ್ತಿ ಹೊಡೆಯುತ್ತಿದ್ದ. ಅದಕ್ಕಿಂತ ಚಿಂತೆಯದ್ದು ಏರಿಯ ಹಿಂಬದಿಯಲ್ಲಿ, ತೂಬಿನ ನಾಲೆಯ ಪಕ್ಕ ಬರುತ್ತಿದ್ದ ಜಿನುಗು. ತಿಳಿನೀರು ಜಿನುಗಿದರೆ ಗಾಬರಿಯಿಲ್ಲ, ಹಳೆಯ ಏರಿಗಳಲ್ಲಿ ಅದು ಸಾಮಾನ್ಯ. ರಾಡಿಯಾಗಿ ಬಂದರೆ ಒಳಗಿನ ಮಣ್ಣು ಕರಗಿ ಹೊರಬರುತ್ತಿದೆ ಎಂದರ್ಥ. ನಮ್ಮದು ರಾಡಿ. "ತಮ್ಮಾ, ಮೇಲೆ ಎಷ್ಟು ಗಾರೆ ಬಳಿದರೂ ಇದು ನಿಲ್ಲುವುದಿಲ್ಲ, ಬಿಚ್ಚಲೇಬೇಕು" ಎಂದು ನೀರುಗಂಟಿ ಮೊದಲೇ ಹೇಳಿದ್ದ.

ಮರುಬೇಸಿಗೆಯಲ್ಲಿ ತೂಬಿನ ಜಾಗದಲ್ಲಿ ಏರಿಯನ್ನು ಅಡಿಯವರೆಗೆ ಬಿಚ್ಚಿದೆವು. ಹೊಸ ಕಾಂಕ್ರೀಟ್ ನಾಲೆ, ಚಕ್ರ ತಿರುಗಿಸುವ ಕಬ್ಬಿಣದ ಗೇಟು ಕೂಡಿಸಿದೆವು. ಕಷ್ಟವಾದದ್ದು ಮುಚ್ಚುವ ಕೆಲಸ. ಟಿಪ್ಪರ್‌ನಿಂದ ಒಮ್ಮೆಗೇ ಸುರಿದು ಮುಗಿಸುವ ಅವಸರ ಗುತ್ತಿಗೆದಾರನಿಗೆ. ತೆಳುವಾದ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ರೋಲರ್ ಓಡಿಸಿದ ಮೇಲೆಯೇ ಮುಂದಿನ ಪದರ ಎಂದು ನಾವು ಅಲ್ಲೇ ಕುಳಿತು ಕಾದೆವು. ನೀರು ತಡೆಯಲು ಒಳಗೆ ಎರೆಮಣ್ಣು (ಜಿಗಟಾದ ಕಪ್ಪುಮಣ್ಣು) ಬೇಕು. ಆದರೆ ಬಿಸಿಲಿಗೆ ಅದು ಕೈ ತೂರುವಷ್ಟು ಬಿರುಕು ಬಿಡುವುದರಿಂದ ಮೇಲೆ ಗರಸಿನ (ಸಣ್ಣ ಕಲ್ಲು ಬೆರೆತ ಒರಟು ಮಣ್ಣಿನ) ಹೊದಿಕೆ ಹಾಕಿಸಿದೆವು. ಏರಿಯ ಮೇಲಿನ ಜಾಲಿಯನ್ನು ಕಡಿದು ಬಿಟ್ಟರೆ ಸಾಲದು, ಬೇರು ಕೊಳೆತ ಜಾಗ ಮುಂದೆ ನೀರಿಗೆ ಸುರಂಗವಾಗುತ್ತದೆ. ಬೊಡ್ಡೆಸಹಿತ ಕೀಳಿಸಿ ಗುಂಡಿ ತುಂಬಿಸಿದೆವು.

ಕೋಡಿಯನ್ನು ಒಂದಡಿ ಎತ್ತರಿಸಿ ಎಂದು ಕೆಲವರು ದುಂಬಾಲು ಬಿದ್ದರು. ಏರಿ ಎತ್ತರಿಸದೆ ಕೋಡಿ ಎತ್ತರಿಸಿದರೆ ದೊಡ್ಡ ಮಳೆಗೆ ನೀರು ಏರಿಯ ಮೇಲೆಯೇ ಹರಿಯುತ್ತದೆ. ಮಣ್ಣಿನ ಏರಿ ಅದನ್ನು ತಾಳುವುದಿಲ್ಲ. ಆ ಮಾತನ್ನು ಅಲ್ಲಿಗೇ ಮುಗಿಸಿದೆ.

ಕೊನೆಗೆ ಹೂಳು. ಅಲ್ಲಲ್ಲಿ ಗುಂಡಿ ತೋಡಿ ನೋಡಿದೆವು. ಹಳ್ಳ ಸೇರುವ ಬಾಯಲ್ಲಿ ಮರಳು, ಏರಿಯ ಹತ್ತಿರ ನುಣುಪಾದ ಜಿಗಟು ಮಣ್ಣು. ಕೆರೆಯ ತಳದ ಈ ಜಿಗಟನ್ನು ಪೂರ್ತಿ ಕೆರೆದು ಗರಸು ತೋರಿಸಿದರೆ ನೀರು ನಿಲ್ಲದೆ ಇಂಗುತ್ತದೆ. ಕೆಳಗಿನ ಬಾವಿಗಳಿಗೆ ಲಾಭ, ಕೆರೆ ಬರಿದು. ನಮಗೆ ಎರಡೂ ಬೇಕಿತ್ತು, ಹಾಗಾಗಿ ತಳದಲ್ಲಿ ಒಂದು ಪದರ ಉಳಿಸಿದೆವು. ಏರಿಯ ಬುಡದ ಹತ್ತಿರ ಬಕೆಟ್ ತಾಗಿಸಲೂ ಬಿಡಲಿಲ್ಲ. ಮಸಾರಿ (ಕೆಂಪು ಮಣ್ಣಿನ) ಹೊಲದವರು ಸ್ವಂತ ಟ್ರ್ಯಾಕ್ಟರ್ ತಂದು ಮಣ್ಣು ಒಯ್ದರು. ಎರೆಹೊಲದವರೂ ಪೈಪೋಟಿಗೆ ಬಿದ್ದರು. ಇರುವ ಜಿಗಟಿಗೆ ಇನ್ನಷ್ಟು ಜಿಗಟು ಸೇರಿಸಿ ಏನು ಪ್ರಯೋಜನವೋ, ನನಗಂತೂ ಅರ್ಥವಾಗಲಿಲ್ಲ.

ಎಂಜಿನಿಯರ್ ಕೆಲಸ ಇಲ್ಲಿಗೆ ಮುಗಿಯಿತು, ಜಗಳ ಇಲ್ಲಿಂದ ಶುರು. ಅಚ್ಚುಕಟ್ಟಿನವರಿಗೆ, ಅಂದರೆ ಕೆರೆ ನೀರುಣ್ಣುವ ಹೊಲದವರಿಗೆ, ಪೂರ್ತಿ ನೀರು ಬೇಕು. ಮೀನು ಹಿಡಿಯುವವರಿಗೆ ಬೇಸಿಗೆಯವರೆಗೆ ನಿಲ್ಲಬೇಕು. ಕುರಿಗಾಹಿಗಳಿಗೆ ದಂಡೆ ಬೇಕು. ಊರಿನ ಕುಡಿಯುವ ನೀರಿನ ಕೊಳವೆಬಾವಿ ಇರುವುದು ಕೆರೆಯ ಕೆಳಗೇ. ಫ್ಲೋರೈಡ್ ಕಾಟವಿರುವ ನಮ್ಮ ಸೀಮೆಯಲ್ಲಿ ಆ ಬಾವಿಗೆ ಮಳೆನೀರು ಇಂಗುತ್ತಿರುವುದು ಎಲ್ಲಕ್ಕಿಂತ ಮುಖ್ಯ. ಹಲವು ಸಭೆಗಳ ನಂತರ ತೂಬಿನ ಕಂಬಕ್ಕೆ ಕೆಂಪು ಗೆರೆ ಎಳೆಸಿದೆವು. ನೀರು ಗೆರೆಗೆ ಇಳಿದ ಮೇಲೆ ಗೇಟು ತೆರೆಯುವಂತಿಲ್ಲ. ಭತ್ತ ಬೇಡ, ಹಿಂಗಾರಿಗೆ ಜೋಳ, ಕಡಲೆ ಮಾತ್ರ. ದನಕರು ಏರಿಯ ಕಲ್ಲುಕಟ್ಟಣೆ ಕೀಳದಂತೆ ಬೇರೆ ಕಡೆ ಇಳಿಜಾರು ಹಾದಿ ಮಾಡಿಸಿದೆವು. ಅದಕ್ಕೆ ಹೋದ ಹಣ ಅಲ್ಪ, ಉಪಯೋಗ ಬಹಳ.

ಭತ್ತದವರು ಈಗಲೂ ಮುನಿಸಿಕೊಂಡಿದ್ದಾರೆ. ಗೇಟಿನ ಚಕ್ರದ ಕೀಲಿ ಯಾರ ಬಳಿ ಇರಬೇಕೆಂಬುದು ಇನ್ನೂ ಬಗೆಹರಿದಿಲ್ಲ, ಸದ್ಯಕ್ಕೆ ನೀರುಗಂಟಿಯ ಬಳಿಯೇ ಇದೆ. ಮೀನಿನ ಹರಾಜಿನ ಹಣದಲ್ಲಿ ಒಂದು ಪಾಲನ್ನು ಅವನ ಸಂಬಳಕ್ಕೂ ಗೇಟಿನ ಗ್ರೀಸಿಗೂ ತೆಗೆದಿಡಬೇಕೆಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ.