ಸಿಎನ್‌ಸಿ ಫ್ರೇಮಿನ ಗುಂಯ್ ಸದ್ದು ನಿಲ್ಲಿಸಿದ್ದು ಹೀಗೆ

ನನ್ನ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕಟ್ ಮಾಡುವ ಮಿಷನ್) ಫ್ರೇಮು 50 ಮಿ.ಮೀ. ಚೌಕ ಕಬ್ಬಿಣದ ಪೈಪಿನದು. ಪೈಪಿನ ದಪ್ಪ 2 ಮಿ.ಮೀ. ಅಲ್ಯೂಮಿನಿಯಂ ಕಟ್ ಮಾಡಲು ಶುರು ಮಾಡಿದರೆ ಸಾಕು, ಇಡೀ ಮೇಜು ಗುಂಯ್ ಅನ್ನುತ್ತಿತ್ತು. ಮೊದಲು ಕಾಲಿನ ಕೆಳಗೆ ರಬ್ಬರ್ ಇಟ್ಟೆ. ಮೇಜು ಸುಮ್ಮನಾಯಿತು. ಆದರೆ ಕಟ್ ಆದ ಅಂಚಿನಲ್ಲಿ ಸಣ್ಣ ಅಲೆಗಳಂಥ ಗುರುತು ಹಾಗೇ ಇತ್ತು. ಅಂದರೆ ಫ್ರೇಮು ಇನ್ನೂ ನಡುಗುತ್ತಿತ್ತು, ಅಲ್ವಾ?

ಹಾಗಾಗಿ ಸದ್ದು ಎಲ್ಲಿಂದ ಹುಟ್ಟುತ್ತದೆ ಅಂತ ಮೊದಲು ಹುಡುಕಿ. ಸ್ಪಿಂಡಲ್ (ಕಟ್ಟರ್ ತಿರುಗಿಸುವ ಭಾಗ) ಆಫ್ ಮಾಡಿ, ಒಂದೊಂದೇ ಆಕ್ಸಿಸ್ (ಮಿಷನ್ ಓಡಾಡುವ ದಿಕ್ಕು) ಓಡಿಸಿ. ಯಾವುದೋ ಒಂದು ವೇಗದಲ್ಲಿ ಮಾತ್ರ ಗುರ್ ಅಂದರೆ ಅದು ಸ್ಟೆಪ್ಪರ್ ಮೋಟಾರಿನದು, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗಿ ಆಕ್ಸಿಸ್ ಓಡಿಸುವ ಮೋಟಾರಿನದು. ಮೈಕ್ರೋಸ್ಟೆಪ್ಪನ್ನು (ಒಂದು ಸ್ಟೆಪ್ಪನ್ನು ಎಷ್ಟು ಭಾಗ ಮಾಡಬೇಕು ಅನ್ನುವ ಸೆಟ್ಟಿಂಗ್) 8ರಿಂದ 16ಕ್ಕೆ ಏರಿಸಿ. ಒಂದು ಸಲ ಸುತ್ತಿದರೆ 8 ಮಿ.ಮೀ. ಸಾಗಿಸುವ ಲೀಡ್ ಸ್ಕ್ರೂ (ತಿರುಗಿ ಆಕ್ಸಿಸನ್ನು ತಳ್ಳುವ ಉದ್ದ ಸ್ಕ್ರೂ), ಒಂದು ಸಲ ಸುತ್ತಲು 200 ಸ್ಟೆಪ್ ಬೇಕಾದ ಮೋಟಾರ್ ಇದ್ದರೆ ಸೆಟ್ಟಿಂಗಿನಲ್ಲೂ ಪ್ರತಿ ಮಿ.ಮೀ.ಗೆ 400 ಸ್ಟೆಪ್ ಅಂತ ಬದಲಿಸಬೇಕು. ಕಟ್ ಮಾಡುವಾಗ ಮಾತ್ರ ಸದ್ದು ಬಂದರೆ ಕಟ್ಟರ್ ಎಷ್ಟು ಹೊರಗೆ ಚಾಚಿದೆ ನೋಡಿ. ಚಾಚಿದ ಉದ್ದ ಅರ್ಧ ಮಾಡಿದರೆ ಅದರ ಬಿಗಿ, ಅಂದರೆ ಬಾಗದೆ ನಿಲ್ಲುವ ಗುಣ, ಸುಮಾರು 8 ಪಟ್ಟು ಆಗುತ್ತದೆ. ಖರ್ಚೇ ಇಲ್ಲದ ಕೆಲಸ, ಇದನ್ನು ಮರೆಯಬೇಡಿ.

ಆಮೇಲೆ ಸ್ಪ್ಯಾನರ್ ಹಿಡಿದು ಪ್ರತಿ ಬೋಲ್ಟನ್ನೂ ಬಿಗಿ ಮಾಡಿ.

ಇನ್ನು ಫ್ರೇಮು. ಸ್ಕ್ರೂಡ್ರೈವರಿನ ಹಿಡಿಯಿಂದ ಪೈಪಿಗೆ ಮೆತ್ತಗೆ ತಟ್ಟಿ. ಖಾಲಿ ಪೈಪು ಗಂಟೆಯ ಹಾಗೆ ಟಣ್ ಅಂದು, ಆಮೇಲೂ ಎಳೆದು ಹಾಡುತ್ತದೆ. ನನ್ನದು ಹಾಗೇ ಹಾಡುತ್ತಿತ್ತು. ಅದಕ್ಕೆ ಒಣ ಮರಳು ತುಂಬಿದೆ. ಮರಳನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಪೂರ್ತಿ ತಣಿಯಲು ಬಿಡಿ. ಪಸೆ ಉಳಿದರೆ ಒಳಗೇ ತುಕ್ಕು ಹಿಡಿಯುತ್ತದೆ. ಪೈಪಿನ ಒಂದು ತುದಿ ಮುಚ್ಚಿ, ನಿಲ್ಲಿಸಿ, ಸ್ವಲ್ಪ ಸ್ವಲ್ಪ ಸುರಿಯಿರಿ. ಪ್ರತಿ ಸಲವೂ ಪಕ್ಕಕ್ಕೆ ತಟ್ಟುತ್ತಾ ಹೋದರೆ ಮರಳು ಇಳಿದು ಗಟ್ಟಿಯಾಗಿ ಕೂರುತ್ತದೆ. ಒಂದು ಮೀಟರ್ ಪೈಪಿಗೆ ಸುಮಾರು ಮೂರೂವರೆ ಕೆಜಿ ಹಿಡಿಯಿತು.

ಮರಳಿನಿಂದ ಫ್ರೇಮಿಗೆ ಬಿಗಿ ಬರುವುದಿಲ್ಲ. ಕಾಳುಗಳು ಒಂದಕ್ಕೊಂದು ಉಜ್ಜಿ ನಡುಕವನ್ನು ನುಂಗುತ್ತವೆ, ಅಷ್ಟೇ. ಫ್ರೇಮು ಓಲಾಡುತ್ತಿದ್ದರೆ ಮೂಲೆಗೆ ಅಡ್ಡಪಟ್ಟಿ ಹಾಕಲೇಬೇಕು. ಸ್ಪಿಂಡಲ್ ಹೊತ್ತು ಓಡಾಡುವ ಅಡ್ಡ ತೊಲೆಗೆ, ಅಂದರೆ ಗ್ಯಾಂಟ್ರಿಗೆ, ಮಾತ್ರ ನಾನು ಮರಳು ತುಂಬಲಿಲ್ಲ. ತೂಕ ಜಾಸ್ತಿಯಾದರೆ ಮೋಟಾರ್ ಸ್ಟೆಪ್ ತಪ್ಪುತ್ತದೆ. ಅಲ್ಲಿ ಆಕ್ಸಿಲರೇಷನ್ (ವೇಗ ಏರುವ ಗತಿ) ಇಳಿಸಿದೆ.

ತುಂಬಿದ ಮೇಲೆ ಮತ್ತೆ ತಟ್ಟಿದೆ. ದಪ್ ಅಂತ ಅಲ್ಲೇ ನಿಂತಿತು. ಒಂದು ವಾರ ಮಿಷನ್ ಓಡಿಸಿ, ಮರಳು ಕುಗ್ಗಿದಷ್ಟು ಮತ್ತೆ ತುಂಬಿ, ಆಮೇಲೆ ಆ ಕಡೆ ತುದಿಯನ್ನೂ ಮುಚ್ಚಿದೆ.