ಮೂವತ್ತೈದು ಎಂದು ಬರೆದ ಹುಡುಗಿ

ಡಿ.ಇಡಿ. ಓದುವಾಗ ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿಗಳಾದ ಪಿಯಾಜೆ, ವೈಗೋಟ್‌ಸ್ಕಿ, ಬ್ರೂನರ್ ಅವರ ಸಿದ್ಧಾಂತಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅವು ನನಗೆ ಅರ್ಥವಾದದ್ದು ಮೂರನೇ ತರಗತಿಗೆ ದಶಕಸಹಿತ ವ್ಯವಕಲನ, ಅಂದರೆ ಪಕ್ಕದ ಸ್ಥಾನದಿಂದ ಹತ್ತು ತಂದು ಕಳೆಯುವ ಲೆಕ್ಕ, ಕಲಿಸುವಾಗ.

42ರಲ್ಲಿ 17 ಕಳೆಯಲು ಹೇಳಿದರೆ ಒಬ್ಬ ಹುಡುಗಿ ಪ್ರತಿಸಲವೂ 35 ಎಂದೇ ಬರೆಯುತ್ತಿದ್ದಳು. ವಾರವಿಡೀ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದ ಮೇಲೆ, ಒಂದು ದಿನ ಪಕ್ಕದಲ್ಲಿ ಕುಳಿತು, "ಹೇಗೆ ಮಾಡಿದೆ, ಹೇಳಮ್ಮ" ಎಂದೆ. "ಎರಡರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೆ ಏಳರಲ್ಲೇ ಎರಡು ಕಳೆದೆ" ಎಂದಳು. ಅವಳ ತಪ್ಪಿಗೂ ಒಂದು ನಿಯಮವಿತ್ತು. 1920ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಗಳ ಕೆಲಸ ಮಾಡುತ್ತಿದ್ದ ಪಿಯಾಜೆಯವರ ಗಮನ ಸೆಳೆದದ್ದೂ ಸರಿ ಉತ್ತರಗಳಿಗಿಂತ ಹೆಚ್ಚಾಗಿ ಇಂಥ ತಪ್ಪು ಉತ್ತರಗಳ ಹಿಂದಿನ ಯೋಚನೆಯೇ.

ಮರುದಿನ ತೆಂಗಿನ ಗರಿಯ ಕಡ್ಡಿಗಳನ್ನು ತುಂಡು ಮಾಡಿ, ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿಸಿದೆ. ನಾಲ್ಕು ಕಟ್ಟು, ಎರಡು ಬಿಡಿ. ಏಳು ಕಡ್ಡಿ ಕೊಡು ಎಂದಾಗ ಅವಳು ಎರಡನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನಾಗಿಯೇ ಒಂದು ಕಟ್ಟು ಬಿಚ್ಚಿದಳು. ಆದರೆ ತಾನೇ ಎಣಿಸಿ ಕಟ್ಟಿದ್ದ ಆ ಹತ್ತನ್ನು ಬಿಚ್ಚಿದ ಮೇಲೆ ಮತ್ತೆ ಒಂದೊಂದಾಗಿ ಎಣಿಸಿದಳು. ಹರಡಿದರೂ ಕೂಡಿಸಿದರೂ ಸಂಖ್ಯೆ ಬದಲಾಗದು ಎಂಬ, ಪಿಯಾಜೆ ಹೇಳುವ ಸಂರಕ್ಷಣೆಯ ಅರಿವು ಹತ್ತರ ಕಟ್ಟಿನ ವಿಷಯದಲ್ಲಿ ಅವಳಿಗಿನ್ನೂ ಗಟ್ಟಿಯಾಗಿರಲಿಲ್ಲವೆಂದು ನನಗನ್ನಿಸಿತು. ಅದು ಗಟ್ಟಿಯಾಗದೆ "ಪಕ್ಕದ ಮನೆಯಿಂದ ಸಾಲ ತಾ" ಎಂದು ನಾನು ಎಷ್ಟು ಸಲ ಹೇಳಿದರೂ ಪ್ರಯೋಜನವಿರಲಿಲ್ಲ.

ಹಾಗೆಂದು ಆ ಅರಿವು ಮೂಡುವ ವಯಸ್ಸಿನ ಹಂತ ತಾನಾಗಿ ಬರಲಿ ಎಂದು ಕಾಯುವುದನ್ನು ನಾನು ಒಪ್ಪುವುದಿಲ್ಲ. ಮಗು ಒಂಟಿಯಾಗಿ ಮಾಡಲಾರದ್ದನ್ನು ಬಲ್ಲವರ ನೆರವಿನಿಂದ ಮಾಡಬಲ್ಲದು ಎಂಬ ವೈಗೋಟ್‌ಸ್ಕಿಯವರ ಮಾತನ್ನು ನಂಬಿ, ಲೆಕ್ಕ ತಿಳಿದ ಗೆಳತಿಯನ್ನು ಅವಳ ಜೊತೆ ಕೂರಿಸಿದೆ. ಉತ್ತರ ಹೇಳಬಾರದು, "ಈಗೇನು ಮಾಡ್ತೀಯ" ಎಂದಷ್ಟೇ ಕೇಳಬೇಕು ಎಂಬುದು ಗೆಳತಿಗೆ ನಾನಿಟ್ಟ ಷರತ್ತು. ಆಮೇಲೆ ಬ್ರೂನರ್ ಹೇಳಿದ ಕ್ರಮದಲ್ಲಿ ಕೈಯ ಕಡ್ಡಿಯಿಂದ ಸ್ಲೇಟಿನ ಗೀಟಿಗೆ, ಗೀಟಿನಿಂದ ಬರಿಯ ಅಂಕಿಗೆ ಸಾಗಿದೆವು. ಉಳಿದ ಕೆಲವು ಮಕ್ಕಳಿಂದ ಅವಸರಪಟ್ಟು ಕಡ್ಡಿ ಕಿತ್ತುಕೊಂಡಿದ್ದೆ. ಅವರು ಮತ್ತೆ ಹಳೆಯ ತಪ್ಪಿಗೇ ಮರಳಿದ್ದರಿಂದ, ನೆರವನ್ನು ಯಾವಾಗ ಹಿಂತೆಗೆಯಬೇಕೆಂಬುದನ್ನು ಪ್ರತಿ ಮಗುವಿನ ಕೈಯನ್ನು ನೋಡಿಯೇ ನಿರ್ಧರಿಸತೊಡಗಿದೆ.

ಮೂರನೇ ವಾರ ಆ ಹುಡುಗಿ ಬಿಚ್ಚಿದ ಕಟ್ಟನ್ನು ಎಣಿಸಲಿಲ್ಲ. ನೇರವಾಗಿ "ಹನ್ನೆರಡು" ಎಂದಳು. 302ರಲ್ಲಿ 148 ಕಳೆಯುವಾಗ ನಡುವಿನ ಸೊನ್ನೆ ಕಂಡು ಮತ್ತೆ ತಡೆದಳು. ಆಗ ಹತ್ತು ಕಟ್ಟುಗಳನ್ನು ದಾರದಿಂದ ಬಿಗಿದು, ನೂರರ ಕಟ್ಟು ಮಾಡಿ ಅವಳ ಮುಂದಿಟ್ಟೆ.